ನಾಲ್ಕು ಇಂಜೆಕ್ಟರಿಗೆ ಹತ್ತು ಚುಕ್ಕೆ

ನಾಲ್ಕನೆಯದು ಬರಲಿಲ್ಲ.

ತಿಮ್ಮರಾಜು ಇಂಜೆಕ್ಟರ್ ಕೀಳುವ ಪುಲ್ಲರಿನ ಗುಂಡನ್ನು ಹಿಂದಕ್ಕೆಳೆದು ಇನ್ನೊಮ್ಮೆ ಬಡಿದ. ಠಣ್ಣೆಂದ ಸದ್ದಿಗೆ ಕಾರಿನ ನೆತ್ತಿಯ ಮೇಲೆ ಕೂತಿದ್ದ ಕಾಗೆ ಹಾರಿಹೋಯಿತು. ಇಂಜೆಕ್ಟರು ಮಾತ್ರ ಎಂಜಿನ್ನಿನೊಳಗೆ ಕಚ್ಚಿಕೊಂಡು ಕೂತೇ ಇತ್ತು.

“ಮೇಸ್ತ್ರಿಗಳೇ, ನಿಮ್ಮ ಕೈಯಲ್ಲಿ ಆಗೋದಿಲ್ಲ ಅಂದರೆ ಹೇಳಿಬಿಡಿ. ಮೈಸೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ,” ಎಂದಳು ತನುಶ್ರೀ.

“ಮಸಿ ಕಚ್ಕಂಡದೆ. ವಸಿ ತಡ್ಕೋ.”

“ತಡ್ಕೊಳ್ಳಿ ಅನ್ನಿ.”

ಅವನು ಹಣೆಯ ಬೆವರನ್ನು ಭುಜಕ್ಕೆ ಒರೆಸಿಕೊಂಡು ಅವಳತ್ತ ನೋಡಿದ. “ತಡ್ಕೊಳಿ,” ಎಂದ.

‘ನೀವು’ ಅನ್ನುವುದು ಮರ್ಯಾದೆಯ ಮಾತೆಂದು ಯಾರು ಹೇಳಿದರೋ. ತನುಶ್ರೀಯ ಬಾಯಲ್ಲಿ ಅದು ಬಾಗಿಲ ಚಿಲಕ. ಬೆಳಗಿನಿಂದ ಅದನ್ನು ಅವನ ಮುಖದ ಮೇಲೆ ಹಾಕಿಕೊಂಡೇ ಬಂದಿದ್ದಳು.

ಶ್ರೀರಂಗಪಟ್ಟಣದ ಸ್ಟೇಷನ್ನಿನ ಹಿಂದೆ ಸಮೀವುಲ್ಲಾ ಭಾಯ್ ಅವರ ಗುಜರಿ. ಇವರಿಬ್ಬರ ಎದುರು ನಿಂತಿದ್ದ ಕಾರು ಅವಳ ಕಾರಿನದೇ ಮಾಡೆಲ್ಲು, ಅದೇ ಬಿಳಿ ಬಣ್ಣ. ಹಿಂದಿನಿಂದ ಲಾರಿ ಗುದ್ದಿ ಡಿಕ್ಕಿಯೆಲ್ಲ ಅಪ್ಪಚ್ಚಿಯಾಗಿತ್ತು, ಮುಂದಿನ ಭಾಗ ನಿನ್ನೆ ಶೋರೂಮಿನಿಂದ ಇಳಿದಂತಿತ್ತು. ಹೆಚ್ಚು ಓಡದ ಎಂಜಿನ್ನು. ಅದರ ಇಂಜೆಕ್ಟರುಗಳನ್ನು ಕಿತ್ತು ಇವಳ ಕಾರಿಗೆ ಹಾಕಬೇಕು. ಹೊಸವನ್ನು ತರಿಸುವುದಾದರೆ ಕಾರನ್ನೇ ಮಾರಬೇಕಾಗುತ್ತದೆ ಎಂದು ಬೆಳಿಗ್ಗೆಯೇ ತಿಮ್ಮರಾಜು ಹೇಳಿದ್ದ.

ಬೆಳಿಗ್ಗೆ ಅವಳು ಪಾಂಡವಪುರದಿಂದ ಮೈಸೂರಿಗೆ ಹೊರಟಿದ್ದಳು, ಬಾಡಿಗೆ ಒಡವೆ ಸೆಟ್ಟು ತರಲು. ಮದುಮಕ್ಕಳಿಗೆ ಅಲಂಕಾರ ಮಾಡುವುದು ಅವಳ ಕೆಲಸ. ನಾಗಮಂಗಲದಿಂದ ಕೆ.ಆರ್.ಪೇಟೆವರೆಗೆ ಯಾವ ಛತ್ರದ ಹೆಣ್ಣಿನ ಕೋಣೆಯಲ್ಲಿ ಕನ್ನಡಿ ಎಲ್ಲಿದೆ, ಬಲ್ಬು ಎಲ್ಲಿ ಕೆಟ್ಟಿದೆ ಎಂಬುದು ಅವಳಿಗೆ ಬಾಯಿಪಾಠ. ಬಾಬುರಾಯನಕೊಪ್ಪಲು ದಾಟುವ ಮೊದಲೇ ಕಾರು ಹೊಗೆ ಕಾರಿತು, ನಡುಗಿತು, ನಿಂತಿತು. ನಿಂತದ್ದಾದರೂ ಎಲ್ಲಿ? ಸರಿಯಾಗಿ ತಿಮ್ಮರಾಜುವಿನ ಗ್ಯಾರೇಜಿನ ಎದುರು. ಮನುಷ್ಯರಿಗೆ ಮಾನ ಇರುವುದಿಲ್ಲ ಸರಿ, ಕಾರಿಗೂ ಬೇಡವೇ?

“ಬೇಗ ಕಿತ್ಕೊಳ್ಳಿ ಬೇಟಾ,” ಸಮೀವುಲ್ಲಾ ಭಾಯ್ ಟೋಪಿ ಸರಿಮಾಡಿಕೊಳ್ಳುತ್ತ ಬಂದರು. “ಇವತ್ತು ಜುಮ್ಮಾ. ನಮಾಜಿಗೆ ಹೋಗ್ಬೇಕು ನಾನು.”

“ಭಾಯ್, ಮೂರೇ ಸಾಕು ಅಂದ್ರೆ?” ಎಂದಳು ತನುಶ್ರೀ.

“ನಾನು ಸೆಟ್ ಒಡೆಯಲ್ಲಮ್ಮ. ನಾಲ್ಕೂ ಒಂದೇ ಮನೇಲಿ ಬೆಳೆದ ಅಣ್ಣತಮ್ಮಂದಿರು. ಮೂರು ಜನಾನ ಕರ್ಕೊಂಡು ಹೋಗಿ ಒಬ್ಬನ್ನ ಬಿಟ್ಟರೆ ಅವನು ಯಾರ ಮನೆಗೂ ಆಗಲ್ಲ.” ತಿಮ್ಮರಾಜುವಿನ ಕಡೆ ಗದ್ದ ತೋರಿಸಿದರು. “ಇವನೂ ಅಷ್ಟೇ. ಮೂರು ವರ್ಷದಿಂದ ಯಾರ ಮನೆಗೂ ಆಗಿಲ್ಲ.”

ತಿಮ್ಮರಾಜು ಎಂಜಿನ್ನಿನೊಳಗೆ ತಲೆ ಹಾಕಿದ. ಕಿವಿಯ ತುದಿ ಮಾತ್ರ ಕೆಂಪಗೆ ಹೊರಗುಳಿಯಿತು. ತನುಶ್ರೀ ಅದನ್ನು ನೋಡಿದಳು. ನೋಡಿದ್ದಕ್ಕೆ ತನ್ನ ಮೇಲೆಯೇ ಸಿಟ್ಟುಗೊಂಡಳು.

ಆಗಲೇ ಕಿತ್ತಿದ್ದ ಮೂರು ಇಂಜೆಕ್ಟರುಗಳು ಅವಳ ಮೇಕಪ್ ಪೆಟ್ಟಿಗೆಯ ಮುಚ್ಚಳದ ಮೇಲೆ ಸಾಲಾಗಿ ಮಲಗಿದ್ದವು. ಬೆರಳುದ್ದದ, ಮಸಿ ಮೆತ್ತಿದ ಕಬ್ಬಿಣದ ತುಂಡುಗಳು. ಎಂಜಿನ್ನಿನ ಒಂದೊಂದು ಸಿಲಿಂಡರಿಗೆ ಒಂದೊಂದು. ಡೀಸೆಲನ್ನು ಮಂಜಿನಂತೆ ಚಿಮ್ಮಿಸುವುದು ಅವುಗಳ ಕೆಲಸ. ಅವಳು ಪೆಟ್ಟಿಗೆಯಿಂದ ಕೆಂಪು ಉಗುರುಬಣ್ಣ ತೆಗೆದು, ಮೊದಲ ಸಿಲಿಂಡರಿನದರ ಕತ್ತಿಗೆ ಒಂದು ಚುಕ್ಕೆ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು ಇಟ್ಟಳು.

“ಅದೇನು ಮಾಡ್ತಿದೀಯ?”

“ಮಾಡ್ತಿದೀರ.”

“ಮಾಡ್ತಿದೀರ.”

“ಒಡವೆ ಸೆಟ್ಟು ಬೆರೆತು ಹೋಗಬಾರದು ಅಂತ ಹಿಂದೆ ಹೀಗೇ ಚುಕ್ಕೆ ಇಡ್ತೀನಿ. ಯಾವುದು ಎಲ್ಲಿಂದ ಬಂತು ಅಂತ ಗೊತ್ತಿರಬೇಕು. ಕೆಲವರಿಗೆ ಗೊತ್ತಿರೋದಿಲ್ಲ.”

“ಚುಕ್ಕೆ ಬ್ಯಾಡ,” ಎಂದು ಅವನು ಒಂದು ಇಂಜೆಕ್ಟರನ್ನೆತ್ತಿ ಅದರ ನೆತ್ತಿಯ ಮಸಿಯನ್ನು ಹೆಬ್ಬೆರಳಿನಿಂದ ತೀಡಿದ. ಇರುವೆ ಹರಿದಂತೆ ಸಣ್ಣ ಅಕ್ಷರ, ಅಂಕಿಗಳು ಕಂಡವು. “ಕಂಪ್ನಿಯವ್ರೇ ಬರೆದವ್ರೆ. ನೋಡಕ್ಕೆ ನಾಲ್ಕೂ ಒಂದೇ ತರ. ಆದ್ರೆ ಒಂದು ಒಂದ್ ಕೂದಲೆಳೆ ಜಾಸ್ತಿ ಚಿಮ್ತದೆ, ಒಂದು ಕಮ್ಮಿ. ಅದರ ಗುಣ ಏನು ಅಂತ ಈ ನಂಬರ್ ಯೋಳ್ತದೆ. ಇದ ಸ್ಕ್ಯಾನರಲ್ಲಿ ಹೊಡೆದು ಕಾರಿನ ಕಂಪ್ಯೂಟರಿಗೆ ತಿಳಿಸ್ಬೇಕು. ಆಗ ಅದು ಯಾರ್ಗೆ ಎಷ್ಟು ಅಂತ ನೋಡ್ಕಂಡು ಕೊಡ್ತದೆ.”

“ಹುಟ್ಟುಗುಣ ತಲೆ ಮೇಲೇ ಬರೆದಿದೆ ಅನ್ನಿ. ಮನುಷ್ಯರಿಗೂ ಬರೆದಿದ್ದಿದ್ದರೆ ಚೆನ್ನಾಗಿತ್ತು, ನೋಡಿ ದೂರ ಇರಬಹುದಿತ್ತು.” ಅವಳು ಬೆರಳಿಗಂಟಿದ ಮಸಿಯನ್ನು ನೋಡಿಕೊಂಡಳು. “ಥೂ, ಎಷ್ಟು ಕೊಳಕು! ಯಾರೋ ಬಳಸಿ ಬಿಸಾಕಿದ್ದು. ಇದನ್ನ ಹಾಕ್ಕೊಂಡು ಮದುವೆ ಮನೆಗೆ ಹೋಗಬೇಕು ನಾನು.”

ಅವನು ಕೈಯಲ್ಲಿದ್ದ ಇಂಜೆಕ್ಟರನ್ನು ಮತ್ತೊಮ್ಮೆ ತೀಡಿ ಮುಚ್ಚಳದ ಮೇಲಿಟ್ಟ. ಅಂಗಿಯ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಎರಡೂ ಕೈ ಗ್ರೀಸು. “ವಸಿ ಎತ್ತು... ಎತ್ತಿ,” ಎಂದ.

ಅವಳು ಹಾವಿನ ಹುತ್ತಕ್ಕೆ ಕೈ ಹಾಕುವಂತೆ ಎರಡೇ ಬೆರಳು ಅವನ ಜೇಬಿಗೆ ಇಳಿಬಿಟ್ಟಳು. ಅಂಗಿಯಾಚೆ ಅವನ ಎದೆ ಬಿಸಿಯಾಗಿತ್ತು, ಬಡಿತ ಬೆರಳಿಗೆ ತಾಗುತ್ತಿತ್ತು. ಅವಳು ಆಕಾಶ ನೋಡಿದಳು, ಅವನು ಎಂಜಿನ್ನಿನ ಮಸಿ ನೋಡಿದ. ಸ್ಪೀಕರ್ ಒತ್ತಿ ಫೋನನ್ನು ಅವನ ಮುಖದ ಮುಂದೆ ಹಿಡಿದಳು.

“ಲೇ ತಿಮ್ಮ!” ಅವನ ಸೋದರಮಾವ ಸೋಮಯ್ಯನ ಗಂಟಲು ಗುಜರಿಯ ತಗಡುಗಳಿಗೆಲ್ಲ ಬಡಿಯಿತು. “ಭಾನ್ವಾರ ಕೆ.ಆರ್.ಪ್ಯಾಟೆಗೆ ಎಣ್ಣು ನೋಡಕ್ಕೆ ಓಗದು ಕಣ್ಲಾ. ಬಿಎಡ್ ಮಾಡವ್ಳೆ. ಆ ಗಡ್ಡ ಕೆರಕಂಡು ನೆಟ್ಟಗೆ ಬಾ. ಆಯ್ತೇನ್ಲಾ?”

“ಊಂ ಮಾವ,” ಎಂದ ತಿಮ್ಮರಾಜು.

ಊಂ. ಆ ಒಂದಕ್ಷರ. ತನುಶ್ರೀ ಫೋನನ್ನು ಜೇಬಿಗೆ ಹಾಕಲಿಲ್ಲ, ತುರುಕಿದಳು.

ಈ ‘ಊಂ’ ಅವಳಿಗೆ ಹೊಸದಲ್ಲ. ಮೂರು ವರ್ಷದ ಹಿಂದೆ ಅವಳು ಹಳೆಯ ಕಾರು ಕೊಳ್ಳಲು ಹೊರಟಾಗ, ನೋಡಿ, ಓಡಿಸಿ, ಎಂಜಿನ್ನಿಗೆ ಕಿವಿಗೊಟ್ಟು ‘ತಗೋ’ ಎಂದವನು ತಿಮ್ಮರಾಜು. ಓಡಿಸಲು ಕಲಿಸಿದವನೂ ಅವನೇ. ಗೇರಿನ ಮೇಲೆ ಅವಳ ಕೈ, ಅವಳ ಕೈ ಮೇಲೆ ಅವನ ಕೈ. ಪಾಂಡವಪುರದ ರಸ್ತೆಯಲ್ಲಿ ಕಬ್ಬಿನ ಗದ್ದೆಗಳ ನಡುವೆ ಮೂರನೆಯ ಗೇರಿನಿಂದ ನಾಲ್ಕನೆಯದಕ್ಕೆ ಹೋಗಲು ಇಬ್ಬರಿಗೂ ಮನಸ್ಸಾಗದೆ, ಹಿಂದಿನ ಗಾಡಿಗಳೆಲ್ಲ ಹಾರನ್ ಹೊಡೆಯುತ್ತಿದ್ದವು. ಮನೆಗಳಿಗೂ ತಿಳಿಯಿತು, ಜಾತಕವೂ ಕೂಡಿತು. ಅವಳ ಹುಟ್ಟೂರು ಹೊಣಕೆರೆಯ ಮನೆಯಲ್ಲಿ ವೀಳ್ಯಶಾಸ್ತ್ರ. ಎರಡೂ ಕಡೆಯವರು ಕೂತು, ಎಲೆ ಅಡಿಕೆಯ ತಟ್ಟೆ ಇನ್ನೇನು ಕೈ ಬದಲಾಗಬೇಕು, ಆಗ ಸೋಮಯ್ಯ ಮಾವ ಗಂಟಲು ಸರಿಮಾಡಿಕೊಂಡ. “ಎಲ್ಲ ಸರಿ. ಲಗ್ನ ಆದ್ಮೇಲೆ ಎಣ್ಣುಮಗ ಕಾರ್ ಓಡಿಸ್ಕಂಡು ಊರೂರು ಸುತ್ತೋದ್ನ ಬುಟ್ಬುಡ್ಬೇಕು. ಏನ್ಲಾ ತಿಮ್ಮ?”

ನಡುಮನೆಯಲ್ಲಿದ್ದವರೆಲ್ಲ ತಿಮ್ಮರಾಜುವಿನತ್ತ ತಿರುಗಿದರು. ಬಾಗಿಲ ಹಿಂದಿನಿಂದ ತನುಶ್ರೀಯೂ.

“ಊಂ,” ಎಂದಿದ್ದ ಅವನು.

ಅವಳು ರೇಷ್ಮೆ ಸೀರೆಯಲ್ಲೇ ಎದ್ದು ಹೊರಬಂದು, ಕಾರು ಹತ್ತಿ, ಬಂದವರ ಚಪ್ಪಲಿಗಳ ಮೇಲೆಯೇ ರಿವರ್ಸ್ ತೆಗೆದು ಹೊರಟುಬಿಟ್ಟಿದ್ದಳು. ಮೊದಲ ಬಾರಿ ಯಾರ ಕೈಯೂ ಮೇಲಿಲ್ಲದೆ ನಾಲ್ಕನೆಯ ಗೇರಿಗೆ ಹಾಕಿದ್ದು ಅವತ್ತೇ.

“ಬಂತು!” ತಿಮ್ಮರಾಜು ಕೂಗಿದ. ನಾಲ್ಕನೆಯ ಇಂಜೆಕ್ಟರು ಅವನ ಅಂಗೈಯಲ್ಲಿತ್ತು. ಅವಳು ಮುಖ ನೋಡದೆ ಅದನ್ನು ಕಿತ್ತುಕೊಂಡು ನಾಲ್ಕು ಚುಕ್ಕೆ ಇಟ್ಟಳು. ಒಂದೊಂದೂ ಮೊಳೆ ಹೊಡೆದಂತೆ.

“ನಾಳೆ ಮಧ್ಯಾಹ್ನ ಹೊಣಕೆರೆಯಲ್ಲಿ ರಿಸೆಪ್ಷನ್ನಿಗೆ ಹೆಣ್ಣು ರೆಡಿ ಮಾಡಬೇಕು. ನಮ್ಮೂರಿನದೇ ಹುಡುಗಿ. ಬೆಳಿಗ್ಗೆ ಕಾರು ಬೇಕು.”

“ಬೆಳಿಗ್ಗೆ ಬನ್ನಿ,” ಎಂದ ಅವನು. ಚುಕ್ಕೆಗಳನ್ನು ಅವನು ನೋಡುತ್ತಿದ್ದ ರೀತಿ ಅವಳಿಗೆ ಸರಿಬರಲಿಲ್ಲ. ತೇರು ಕಂಡವರು ಹಾಗೆ ನೋಡಬಹುದು, ಮೆಕ್ಯಾನಿಕ್ ಅಲ್ಲ.

*

ಶನಿವಾರ ಬೆಳಿಗ್ಗೆ ಅವಳು ಗ್ಯಾರೇಜಿಗೆ ಬಂದಾಗ ಕಾರು ಗೂಟಕ್ಕೆ ಕಟ್ಟಿದ ಹೋರಿಯಂತೆ ಜಗ್ಗಾಡುತ್ತಿತ್ತು. ಟಕಟಕ ಟಕಟಕ. ಹಿಂದಿನಿಂದ ಬಿಳಿ ಹೊಗೆ. ತಿಮ್ಮರಾಜು ಸ್ಕ್ಯಾನರನ್ನು ಎರಡೂ ಕೈಯಲ್ಲಿ ಹಿಡಿದು, ಪರೀಕ್ಷೆಯಲ್ಲಿ ಫೇಲಾದ ಹುಡುಗನಂತೆ ನಿಂತಿದ್ದ.

“ಇದೇನು? ನಿನ್ನೆ ನಿಂತಿತ್ತು, ಇವತ್ತು ಕುಣೀತಿದೆ. ಇದೇನಾ ರಿಪೇರಿ?”

ಅವನು ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದ. 

ಅವಳು ಬಾನೆಟ್ಟಿನೊಳಗೆ ಬಗ್ಗಿದಳು. ನಾಲ್ಕು ಇಂಜೆಕ್ಟರುಗಳ ನಾಲ್ಕು ನೆತ್ತಿ, ಹೊಸ ಬೆಳ್ಳಿಯ ಕಾಲುಂಗುರದಂತೆ ಫಳಫಳ ಹೊಳೆಯುತ್ತಿದ್ದವು. ಕಣ್ಣು ಕುಕ್ಕುವಷ್ಟು ಚಂದ. ಒಂದು ಕ್ಷಣ ಅವಳಿಗೆ ಖುಷಿಯೇ ಆಯಿತು. ಮರುಕ್ಷಣ ಇನ್ನಷ್ಟು ಬಗ್ಗಿ ನಾಲ್ಕು ನೆತ್ತಿಯನ್ನೂ ಒಂದೊಂದಾಗಿ ನೋಡಿದಳು.

“ನಂಬರ್ ಎಲ್ಲಿ?”

ಅವನು ಕಾಲಿನ ಹೆಬ್ಬೆರಳು ನೋಡಿಕೊಂಡ.

“ತಿಮ್ಮರಾಜು. ನಂಬರ್ ಎಲ್ಲಿ?”

“ಓಯ್ತು.”

“ಓಯ್ತು ಅಂದರೆ?”

“ಮಸಿ ತೆಗೆದು ಬರ್ಕಳವ ಅಂತ ಉಜ್ಜೋ ಎಮರಿ ಪೇಪರು ತಕಂಡೆ. ಬಟ್ಟೇಲಿ ಒರೆಸಿದ್ರೆ ಸಾಕಿತ್ತು. ನೀನು ಕೊಳಕು ಅಂದಿದ್ಯಲ್ಲ, ಯಾರೋ ಬಳಸಿ ಬಿಸಾಕಿದ್ದು ಅಂತ. ಅದೇ ತಲೇಲಿತ್ತು. ಇನ್ನ ವಸಿ, ಇನ್ನ ವಸಿ ಅಂತ... ಉಜ್ಬುಟ್ಟೆ.”

“ನಾಲ್ಕನ್ನೂ?”

“ಊಂ.”

‘ನೀವು’ ಎಂಬ ಚಿಲಕ ಮುರಿಯಿತು.

“ಏನ್ಲಾ ನಿಂಗೆ ಬಂದಿರೋ ರೋಗ! ಅದ್ರ ಗುಣ ತಲೆ ಮೇಲೆ ಬರೆದದೆ ಅಂತ ನಂಗೆ ಪಾಠ ಮಾಡ್ದೋನು ನೀನೇ ಅಲ್ವೇನ್ಲಾ? ಯಾರ್ಲಾ ಕೇಳಿದ್ರು ನಿನ್ನ, ಫಳಫಳ ಮಾಡ್ಕೊಡು ಅಂತ? ಓಡೋ ಕಾರು ಕೇಳ್ದೆ ಕಣ್ಲಾ ನಾನು, ಹೊಳೆಯೋ ಕಾರಲ್ಲ!”

ತಿಮ್ಮರಾಜು ತಲೆಯೆತ್ತಿದ. ಅವನ ತುಟಿಯ ಒಂದು ಕೊನೆ, ಅವನಿಗೂ ತಿಳಿಯದಂತೆ, ಮೇಲಕ್ಕೆ ಸರಿಯಿತು.

“ಯಾಕ್ಲಾ ಹಲ್ ಬುಡ್ತೀಯ?”

“ಲಾ ಅಂದೆ.”

“ಏನು?”

“ನೀನು ನನ್ನ ಲಾ ಅಂದು ಮೂರು ವರ್ಷ ಆಯ್ತು.”

ಕೈಗೆ ಸಿಕ್ಕಿದ್ದು ಗ್ರೀಸು ಒರೆಸುವ ಬಟ್ಟೆ. ಅದನ್ನೇ ಬೀಸಿ ಹೊಡೆದಳು. ಅದು ಅವನ ಹೆಗಲ ಮೇಲೆ ಶಲ್ಯದಂತೆ ಚೊಕ್ಕವಾಗಿ ಕೂತಿತು. ಅದಕ್ಕೂ ಸಿಟ್ಟು ಬಂತು.

“ಕೇಳು ಇಲ್ಲಿ. ನಾಗಮಂಗಲದ ಕಡೆ ಒಂದು ಹುಡುಗಿ. ಕೆನ್ನೆ ಮೇಲೆ ಹುಟ್ಟುಮಚ್ಚೆ, ಇಷ್ಟಗಲ. ಮದುವೆ ಮನೆ ಹೆಂಗಸರೆಲ್ಲ, ಮುಚ್ಚಮ್ಮ ಮುಚ್ಚು ಅಂದ್ರು. ಮುಚ್ಚೋದು ನಂಗೇನು ಕಷ್ಟ? ಕಣ್ ಮಿಟುಕ್ಸೋದ್ರೊಳಗೆ ಮುಚ್ತೀನಿ. ಆದ್ರೆ ಕೇಳ್ದೆ ಕಣ್ಲಾ, ಅವಳನ್ನ ಕೇಳ್ದೆ. ಅವಳು, ಬ್ಯಾಡ ಅಕ್ಕ, ನಮ್ಮಜ್ಜಿಗೆ ಕಣ್ ಕಾಣ್ಸಲ್ಲ, ಇದನ್ನ ಬೆರಳಲ್ಲಿ ಮುಟ್ಟೇ ನಾನು ಅಂತ ತಿಳ್ಕೊಳೋದು ಅಂದ್ಲು. ಬುಟ್ಬುಟ್ಟೆ. ಯಾರದ್ದೇ ಮುಖಕ್ಕೆ ಕೈ ಹಚ್ಚೋ ಮೊದ್ಲು ಕೇಳ್ತೀನಿ ನಾನು. ನೀನು? ನಿಮ್ಮ ಮಾವ ನನ್ನ ಬದುಕನ್ನೇ ಉಜ್ಜಿ ಹಾಕು ಅಂದಾಗ ಒಂದ್ ಮಾತು ನನ್ನ ಕೇಳಿದ್ಯೇನ್ಲಾ? ಊಂ ಅಂದೆ!”

ಹೆದ್ದಾರಿಯಲ್ಲಿ ಬಸ್ಸೊಂದು ಹಾರನ್ ಹೊಡೆಯುತ್ತ ಹೋಯಿತು. ಅವನು ಆ ಸದ್ದು ಮುಗಿಯುವವರೆಗೆ ಕಾದ.

“ನಾನು...”

“ಆ ಸತ್ತ ಕಾರಿಗಾದ್ರೂ ನೆನಪಿರ್ತದೆ ತನ್ನ ಇಂಜೆಕ್ಟರ್ ನಂಬರು, ನಿಂಗಿಲ್ಲ!”

ತಿಮ್ಮರಾಜುವಿನ ಮುಖ ಬದಲಾಯಿತು. “ಏನಂದೆ?”

“ಬಯ್ದೆ.”

“ಅಲ್ಲ, ಇನ್ನೊಂದ್ಸಲ ಅನ್ನು. ಸತ್ತ ಕಾರು...” ಅವನು ಹೆಗಲ ಮೇಲಿನ ಬಟ್ಟೆ ಎಸೆದ. “ಔದು ಕಣೇ ತನು! ಆ ಕಾರಿನ ಕಂಪ್ಯೂಟರಲ್ಲಿ ನಾಲ್ಕೂ ನಂಬರ್ ಇನ್ನ ಅಂಗೇ ಇರ್ತದೆ. ಬ್ಯಾಟ್ರಿ ಕೊಟ್ರೆ ಯೋಳ್ತದೆ. ಮೊದಲ ಸಿಲಿಂಡರು ಇದು, ಎರಡು ಇದು ಅಂತ.”

“ಹೇಳಿದ್ರೆ ಏನು ಬಂತು? ಯಾವುದು ಯಾವ ಸಿಲಿಂಡರಿನದ್ದು ಅಂತ ನಿಂಗೆ ಗೊತ್ತಾ? ನಾಲ್ಕನ್ನೂ ಒಂದೇ ತರ ಮಾಡಿಬಿಟ್ಟಿದ್ದೀಯ.”

ಅವನು ಮೊಬೈಲಿನ ಟಾರ್ಚ್ ಹಾಕಿ ಎಂಜಿನ್ನಿನೊಳಗೆ ಹಿಡಿದ. ಅವಳು ಬಗ್ಗಿದಳು. ಹೊಳೆಯುವ ನೆತ್ತಿಗಳ ಕೆಳಗೆ, ಇಂಜೆಕ್ಟರುಗಳ ಕತ್ತಿನಲ್ಲಿ, ಕೆಂಪು ಚುಕ್ಕೆಗಳು. ಮೂರು ಚುಕ್ಕೆಯದು ಮೊದಲಿತ್ತು, ಒಂದು ಚುಕ್ಕೆಯದು ಕೊನೆಗೆ. ಆದರೆ ಹತ್ತೂ ಚುಕ್ಕೆ ಹಾಗೇ ಇದ್ದವು. ಕತ್ತಿನ ಸುತ್ತ ಉಜ್ಜಿದವನು ಚುಕ್ಕೆಗಳ ಹತ್ತಿರ ಬಂದಾಗಲೆಲ್ಲ ಕೈ ತಡೆದಿದ್ದ. ಪ್ರತಿ ಚುಕ್ಕೆಯ ಸುತ್ತಲೂ ಒಂದೊಂದು ಕಪ್ಪು ಉಂಗುರ ಉಳಿದಿತ್ತು. ಅಷ್ಟು ಸಣ್ಣ ಕೆಲಸಕ್ಕೆ ಎಷ್ಟು ಹೊತ್ತು ಹಿಡಿದಿರಬಹುದೆಂದು ಅವಳ ಕೈಗೆ ಗೊತ್ತಿತ್ತು. ಅವಳೂ ಅಂಥದೇ ಕೆಲಸ ಮಾಡುವವಳು.

“ಇದನ್ನ ಯಾಕೆ ಬುಟ್ಟೆ?”

“ಮನಸ್ ಬರ್ಲಿಲ್ಲ.”

ಅವಳು ಬಾನೆಟ್ಟಿನಿಂದ ತಲೆ ಹೊರತೆಗೆದು ಟಾರ್ಚನ್ನು ಪಕ್ಕಕ್ಕೆ ತಳ್ಳಿದಳು. 

“ಇಟ್ಕೋಬೇಕಾದ್ದನ್ನ ಉಜ್ಜಿದೀಯ. ಉಜ್ಜಬೇಕಾದ್ದನ್ನ ಇಟ್ಕೊಂಡಿದೀಯ. ನಿನ್ನ ಬಾಳೇ ಇಷ್ಟು. ನಡಿ, ಬೈಕ್ ತೆಗಿ.”

*

ಬೈಕಿನ ಮೇಲೆ ಅವರಿಬ್ಬರ ನಡುವೆ ಕಾರಿನ ಬ್ಯಾಟರಿ ಕೂತಿತ್ತು. ಮದುವೆಗೆ ಮುಂಚೆ ಹುಡುಗ ಹುಡುಗಿಯನ್ನು ಕಾಯಲು ಬರುವ ಸೋದರತ್ತೆಯಂತೆ, ದಪ್ಪಗೆ, ಅಲುಗದೆ. ತನುಶ್ರೀ ಒಂದು ಕೈಯಲ್ಲಿ ಅದನ್ನು, ಇನ್ನೊಂದರಲ್ಲಿ ಮೇಕಪ್ ಪೆಟ್ಟಿಗೆಯನ್ನು ಹಿಡಿದಿದ್ದಳು. ಅವನನ್ನು ಹಿಡಿಯಲು ಕೈ ಉಳಿದಿರಲಿಲ್ಲ. ಉಳಿದಿದ್ದರೂ ಹಿಡಿಯುತ್ತಿರಲಿಲ್ಲ ಎಂದು ಸೇತುವೆ ದಾಟುವವರೆಗೂ ತನಗೆ ತಾನೇ ಹೇಳಿಕೊಂಡಳು.

ಗುಜರಿಯ ಗೇಟಿನಲ್ಲಿ ಲಾರಿ ನಿಂತಿತ್ತು. ಪಕ್ಕದಲ್ಲಿ ಕ್ರೇನು. ಬಿಳಿ ಕಾರಿನ ಹೊಟ್ಟೆಗೆ ಸರಪಳಿ ಸುತ್ತಿ ಕೊಕ್ಕೆ ಸಿಕ್ಕಿಸಿ ಆಗಿತ್ತು.

“ಅರೆ! ಗಾಡಿ ಮೌತ್ ಆಗಿದೆ, ಹೆಣ ಎತ್ತೋ ಟೈಮಲ್ಲಿ ಬಂದು ಮಾತಾಡಿಸ್ತೀರಾ?” ಎಂದರು ಸಮೀವುಲ್ಲಾ ಭಾಯ್.

ಕ್ರೇನಿನ ಡ್ರೈವರು ಇಳಿಯಲೂ ಇಲ್ಲ. “ಆಗಲ್ಲ, ಆಗಲ್ಲ. ನಂಗೆ ಇನ್ನೊಂದ್ ಕಡೆ ಕೆಲಸ ಅದೆ. ಪಕ್ಕಕ್ಕೆ ಓಗಿ.”

ತನುಶ್ರೀ ತಿಮ್ಮರಾಜುವಿನ ಮುಖ ನೋಡಿದಳು. ಅವನ ತುಟಿ ಒಂದುಗೂಡುತ್ತಿತ್ತು, ಆ ‘ಊಂ’ಗೆ ಬೇಕಾದ ಆಕಾರಕ್ಕೆ ಬರುತ್ತಿತ್ತು. ಅದು ಹೊರಬೀಳುವ ಮೊದಲೇ ಅವಳು ನಡೆದುಹೋಗಿ, ಸೊಟ್ಟಗಾದ ಬಾಗಿಲನ್ನು ಒದ್ದು ತೆಗೆದು, ಸತ್ತ ಕಾರಿನ ಡ್ರೈವರ್ ಸೀಟಿನಲ್ಲಿ ಕೂತು ಸ್ಟೇರಿಂಗ್ ಹಿಡಿದಳು.

“ಈಗ ಎತ್ತಣ್ಣ,” ಎಂದು ಕೂಗಿದಳು. “ನಾನೂ ಬತ್ತೀನಿ.”

ಕ್ರೇನಿನವನು ಸಮೀವುಲ್ಲಾರನ್ನು ನೋಡಿದ. ಸಮೀವುಲ್ಲಾ ಆಕಾಶ ನೋಡಿದರು. “ಚಾಯ್ ಕುಡ್ಕೊಂಡು ಬಾ ಮಿಯಾ,” ಎಂದರು ಕೊನೆಗೆ. “ಆ ಹುಡುಗಿ ಇಳಿಯಲ್ಲ. ನಂಗೆ ನಿನ್ನೆಯಿಂದ ಗೊತ್ತು.”

ತಿಮ್ಮರಾಜು ಬ್ಯಾಟರಿಯ ವೈರು ಸೇರಿಸಿದ. ಪಕ್ಕದ ಸೀಟಿಗೆ ಬಂದು, ಸ್ಟೇರಿಂಗಿನ ಕೆಳಗೆ ಸ್ಕ್ಯಾನರ್ ಚುಚ್ಚಲು ಅವಳ ಮೊಣಕಾಲಿನ ಮೇಲಿನಿಂದ ಬಗ್ಗಿದ. ಅವನ ಕತ್ತಿನಲ್ಲಿ ಡೀಸೆಲ್ಲಿನ, ಲೈಫ್‌ಬಾಯ್ ಸೋಪಿನ ವಾಸನೆ. ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಕಿತ್ತಳೆ ದೀಪಗಳು ಒಂದೊಂದಾಗಿ ಕಣ್ಣು ಬಿಟ್ಟವು.

“ಬಂತು. ಬರ್ಕೋ... ಫೋನ್ ತೆಗಿ.”

“ಚಾರ್ಜಿಲ್ಲ. ನಿಂದು?”

“ಟಾರ್ಚ್ ಹಾಕಿದ್ನಲ್ಲ, ಆರ್‍ಸಿಲ್ಲ. ಕೆಂಪು ಗೆರೆ ತೋರಿಸ್ತಾ ಅದೆ.”

ಅವಳು ಹಲ್ಲು ಕಡಿದು ಪೆಟ್ಟಿಗೆ ತೆಗೆದಳು. ಕಾಡಿಗೆ ಪೆನ್ಸಿಲ್ಲಿನ ಮುಚ್ಚಳವನ್ನು ಬಾಯಲ್ಲಿ ಕಚ್ಚಿ ಎಳೆದು ಎಡತೋಳು ಚಾಚಿದಳು. “ಹೇಳು.”

ಅವನು ಒಂದೊಂದೇ ಅಕ್ಷರ, ಒಂದೊಂದೇ ಅಂಕಿ ಹೇಳುತ್ತ ಹೋದ. ಅವಳು ಮಣಿಕಟ್ಟಿನಿಂದ ಮೊಣಕೈವರೆಗೆ ನಾಲ್ಕು ಸಾಲು ಬರೆದುಕೊಂಡಳು. ಒಂದೊಂದು ಸಾಲಿನ ಮುಂದೆ ಒಂದು, ಎರಡು, ಮೂರು, ನಾಲ್ಕು ಚುಕ್ಕೆ. ಕೊನೆಯ ಸಾಲಿಗೆ ಬಂದಾಗ ಅವನ ದನಿ ತಗ್ಗಿತ್ತು. ಇಂಜೆಕ್ಟರಿನ ನಂಬರನ್ನು ಅಷ್ಟು ಮೆತ್ತಗೆ ಯಾರೂ ಹೇಳಬಾರದು.

“ಮುಗೀತಾ?”

“ಮುಗೀತು.”

“ಹಾಗಾದ್ರೆ ಇಳಿ. ಏನ್ ನೋಡ್ತೀಯ?”

“ಬೆವರು ಬುಟ್ರೆ ಅಳಿಸೋಯ್ತದೆ ಅಂತ,” ಎಂದು ಅವನು ಅವಳ ತೋಳಿಗೆ ಬಾಯಿಂದ ಗಾಳಿ ಊದಿದ.

“ಊದ್ಬೇಡ!” ಎಂದಳು ಅವಳು, ತೋಳು ಹಿಂದಕ್ಕೆ ತೆಗೆಯದೆ.

ವಾಪಸು ಬರುವಾಗ ಬ್ಯಾಟರಿ ಮತ್ತೆ ನಡುವೆ ಕೂತಿತು. ಅವಳು ಎಡತೋಳನ್ನು ಗಾಳಿಗೆ ಚಾಚಿ, ಕನ್ನಡಿಯಲ್ಲಿ ಅವನ ಕಣ್ಣು ಸಿಕ್ಕಿದಾಗಲೆಲ್ಲ “ರಸ್ತೆ ನೋಡ್ಕೊಂಡು ಓಡ್ಸು” ಎಂದು ಬಯ್ಯುತ್ತ ಬಂದಳು.

*

ಗ್ಯಾರೇಜಿನಲ್ಲಿ ಅವನು ಅವಳ ತೋಳು ನೋಡಿಕೊಂಡು ಸ್ಕ್ಯಾನರಿಗೆ ಅಂಕಿ ಒತ್ತಿದ. ತಪ್ಪಬಾರದೆಂದು ಸಾಲಿನ ಕೆಳಗೆ ಬೆರಳು ಸರಿಸುತ್ತಿದ್ದ, ಆದರೆ ಮುಟ್ಟುತ್ತಿರಲಿಲ್ಲ. ಅವನ ಬೆರಳಿಗೂ ಅವಳ ಚರ್ಮಕ್ಕೂ ನಡುವೆ ಒಂದು ಅಕ್ಕಿಕಾಳಿನಷ್ಟು ಜಾಗ ಉಳಿದಿತ್ತು. ಆ ಜಾಗದಲ್ಲಿ ಅವಳ ರೋಮಗಳು ಎದ್ದು ನಿಂತದ್ದು ಅವಳಿಗೆ ಕಂಡಿತು. ಅವನಿಗೂ ಕಂಡಿತು. ಇಬ್ಬರೂ ಕಂಪ್ಯೂಟರಿನ ವಿಷಯ ಮಾತನಾಡಿದರು.

“ಮೂರು ಚುಕ್ಕೆಯದು ಮೊದಲನೇದಕ್ಕೆ.”

“ಹೊಡೆದ್ಯಾ?”

“ಹೊಡೆದೆ. ಒಂದು ಚುಕ್ಕೆಯದು ಕೊನೆಗೆ.”

ಕೀ ತಿರುಗಿತು. ಎಂಜಿನ್ನು ಒಮ್ಮೆ ಮೈ ಒದರಿತು, ಇನ್ನೊಮ್ಮೆ ಗುರ್ ಎಂದಿತು, ಆಮೇ‌ಲೆ ಮಜ್ಜಿಗೆ ಕಡೆಯುವ ಕಡೆಗೋಲಿನಂತೆ ಒಂದೇ ಹದಕ್ಕೆ ಬಂದು ನಿಂತಿತು. ಹೊಗೆಯಿಲ್ಲ, ನಡುಕವಿಲ್ಲ. ತಿಮ್ಮರಾಜು ಬಾನೆಟ್ಟಿನ ಅಂಚಿಗೆ ಕಿವಿಯಿಟ್ಟು ಕಣ್ಣು ಮುಚ್ಚಿದ. ಮೂರು ವರ್ಷದ ಹಿಂದೆ ಇದೇ ಕಾರಿಗೆ ಹೀಗೇ ಕಿವಿಯಿಟ್ಟು, ಹೀಗೇ ಕಣ್ಣು ಮುಚ್ಚಿ ‘ತಗೋ’ ಎಂದಿದ್ದ.

ತನುಶ್ರೀ ಕೀ ಆರಿಸಿದಳು. ಚಾರ್ಜಿಗೆ ಹಾಕಿದ್ದ ಅವಳ ಫೋನು ಬಡಿಯಿತು. ಮದುಮಗಳು ದಿವ್ಯ. “ಅಕ್ಕಾ, ಎಲ್ಲಿದೀರಾ? ನಂಗೆ ಭಯ ಆಯ್ತಾ ಅದೆ.”

“ಹೊರಟೆ ಕಣೇ. ಮುಖ ತೊಳೆದು ಕುಂತ್ಕೋ. ಯಾರು ಏನು ತಂದ್ರೂ ಹಚ್ಕೋಬೇಡ.”

ಅವಳು ಫೋನಿಟ್ಟಳೋ ಇಲ್ಲವೋ, ತಿಮ್ಮರಾಜುವಿನ ಜೇಬು ಬಡಿದುಕೊಳ್ಳತೊಡಗಿತು. ಅವನು ಪರದೆ ನೋಡಿದ. ಸೋಮಯ್ಯ ಮಾವ. ಫೋನು ಬಡಿದು ಬಡಿದು ತಾನಾಗಿ ಸುಮ್ಮನಾಯಿತು. ಅವನು ಎತ್ತಲಿಲ್ಲ.

ಎತ್ತದಿರುವುದೂ ಬೇಡವೆನ್ನುವುದೂ ಒಂದೇ ಅಲ್ಲ. ಅವೆರಡರ ನಡುವೆ ಅವಳ ಮೂರು ವರ್ಷ ಬಿದ್ದಿತ್ತು. ಸಿಟ್ಟು ಈ ಸಲ ಕೂಗಾಡಲಿಲ್ಲ, ತಣ್ಣಗೆ ಎದ್ದುಬಂತು. ಅವಳು ಪೆಟ್ಟಿಗೆಯಿಂದ ಹತ್ತಿ ತೆಗೆದಳು. ಉಗುರುಬಣ್ಣ ಒರೆಸುವ ಸೀಸೆಯ ಮುಚ್ಚಳ ತಿರುಗಿಸಿ, ಹತ್ತಿಯನ್ನು ನೆನೆಸಿ, ಅವನ ಮುಂದೆ ಹಿಡಿದಳು. ಘಾಟು ವಾಸನೆ ಇಬ್ಬರ ಮೂಗಿಗೂ ಹೊಡೆಯಿತು.

“ತಗೋ.”

“ಏನಕ್ಕೆ?”

“ಕೆಲಸ ಮುಗೀತಲ್ಲ. ನಂಬರ್ ಎಲ್ಲ ಕಾರಿನ ತಲೆಗೆ ಹೋಯ್ತು, ಇನ್ನ ಚುಕ್ಕೆ ಬೇಕಾಗಿಲ್ಲ. ಒರೆಸ್ಬುಡು. ನನ್ನ ಎಂಜಿನ್ ಒಳಗೆ ನೀನು ಬಾಯ್ಬಿಟ್ಟು ಹೇಳದೇ ಇರೋದೆಲ್ಲ ಇಟ್ಕೊಂಡು ನಾನು ಊರೂರು ಸುತ್ತಲ್ಲ. ಒರೆಸಿ, ಕೈ ತೊಳ್ಕಂಡು, ಗಡ್ಡ ಕೆರಕಂಡು ನಾಳೆ ಕೆ.ಆರ್.ಪೇಟೆಗೆ ಹೋಗು. ಬಿಎಡ್ ಮಾಡವ್ಳಂತೆ. ನಾನೂ ಇನ್ನ ಈ ರಸ್ತೇಲಿ ಕೆಟ್ಟು ನಿಲ್ಲಲ್ಲ. ನಿಂತ್ರೂ ತಳ್ಕೊಂಡು ಮುಂದಿನ ಗ್ಯಾರೇಜಿಗೆ ಹೋಗ್ತೀನಿ.”

ಅವನು ಹತ್ತಿಯನ್ನು ನೋಡಿದ. ತಿಮ್ಮರಾಜುವಿಗೆ ಕೈಗೆ ಕೊಟ್ಟದ್ದನ್ನು ತೆಗೆದುಕೊಳ್ಳುವುದು ಅಭ್ಯಾಸ. ಸ್ಪ್ಯಾನರ್ ಕೊಟ್ಟರೆ ಸ್ಪ್ಯಾನರ್, ಟೀ ಕೊಟ್ಟರೆ ಟೀ, ಹೆಣ್ಣು ಕೊಟ್ಟರೆ ಹೆಣ್ಣು. ಅವನ ಬಲಗೈ ಅರ್ಧ ಮೇಲೆದ್ದೂ ಆಯಿತು.

ಜೇಬಿನಲ್ಲಿ ಫೋನು ಮತ್ತೆ ಬಡಿಯಿತು.

ಈ ಸಲ ಅವಳು ಎರಡು ಬೆರಳಲ್ಲ, ಕೈಯನ್ನೇ ಹಾಕಿ ಎಳೆದು ತೆಗೆದಳು. ಹಸಿರು ಒತ್ತಿ, ಸ್ಪೀಕರ್ ಒತ್ತಿ ಅವನ ಮುಂದೆ ಹಿಡಿದಳು. ಒಂದು ಕೈಯಲ್ಲಿ ಸೋಮಯ್ಯ ಮಾವ, ಇನ್ನೊಂದರಲ್ಲಿ ನೆನೆದ ಹತ್ತಿ. ತೋಳಿನ ತುಂಬ ಕಾಡಿಗೆಯ ಅಂಕಿಗಳು. ಅವಳ ಕಣ್ಣಿನಲ್ಲಿ ನೀರಿತ್ತು. ಆ ಸೀಸೆಯ ಘಾಟಿಗೆ ಯಾರಿಗಾದರೂ ಬರುತ್ತದೆ.

“ಲೇ ತಿಮ್ಮ! ಫೋನ್ ಎತ್ತಕ್ಕೆ ಏನ್ಲಾ ನಿಂಗೆ? ನಾಳೆ ಒಂಬತ್ತಕ್ಕೆ ಗಾಡಿ ಬತ್ತದೆ, ರೆಡಿ ಇರು. ಎಣ್ಣಿನ ಕಡೆಯವ್ರು ಎಲ್ಲಕ್ಕೂ ಒಪ್ಪವ್ರೆ. ಇನ್ನೇನು, ನೀನು ಒಂದ್ ಸಲ ಊಂ ಅಂದ್ಬುಟ್ರೆ ಮುಗೀತು.”

ತಿಮ್ಮರಾಜು ಮೇಲೆದ್ದಿದ್ದ ಕೈಯನ್ನು ಕೆಳಗಿಳಿಸಿದ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಕಣ್ಣು ಹತ್ತಿಯ ಮೇಲಿತ್ತು.

“ಒರ್ಸಲ್ಲ,” ಎಂದ.

“ಏನ್ಲಾ ಒರ್ಸಲ್ಲ?” ಫೋನು ಕೂಗಿತು. “ಏನ್ ಮಾತಾಡ್ತಿದೀಯ? ನಾಳೆ ಬತ್ತೀಯೋ ಇಲ್ವೋ?”

ಅವನು ತಲೆಯೆತ್ತಿ ನೇರ ತನುಶ್ರೀಯನ್ನು ನೋಡಿದ.

“ಬರಲ್ಲ ಮಾವ.”